ಎಡ ಮಂಡಿಯ ಪಿನ್ನು

ಹಾಸನದ ಮೂಳೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ನಾನು.
ಉಸಿರು ಎಳ್ಕೊಳ್ಳಿ, ಹಾಗೇ ಹಿಡೀರಿ, ಬಿಡಿ:
ದಿನಕ್ಕೆ ನಲವತ್ತು ಸಲ ಇದೇ ಮಂತ್ರ.
ಸಂಜೆ ಮನೆಗೆ ಬಂದರೆ ಉಸಿರಾಡದವರ ಸಂಸಾರ,
ಗಾಜಿನ ಬೀರುವಿನಲ್ಲಿ ನೂರ ಹದಿನಾಲ್ಕು ಜನ,
ಮೂರೂಮುಕ್ಕಾಲು ಇಂಚಿನವರು,
ಬೇರೆ ಬೇರೆ ಗ್ರಹದವರು, ಒಂದೇ ಕಾರ್ಖಾನೆಯವರು.

ಒಬ್ಬೊಬ್ಬರಿಗೂ ಒಂದು ಪುಟ, ಹಳೇ ಲೆಡ್ಜರಿನಲ್ಲಿ.
ಉಪ್ಪಿನ ಗ್ರಹದ ಕಾವಲುಗಾರ: ಬಣ್ಣ ಪರವಾಗಿಲ್ಲ,
ಕಣ್ಣೊಂದು ಹಣೆಗೆ ಜಾರಿದೆ. ಆರು.
ಹಸಿರು ಚರ್ಮದ ರಾಣಿ: ಮೊಣಕೈ ಸಡಿಲ,
ಕೋವಿ ಹಿಡಿಸಿದರೆ ತನ್ನ ಕಾಲಿಗೇ ಗುರಿಯಿಡುತ್ತಾಳೆ. ನಾಲ್ಕು.
ರೋಬೋ, ಹೆಸರಿಲ್ಲ: ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಗುಜರಿ ಮುನಾವರನ ಗೋಣಿಯಲ್ಲಿ ಸಿಕ್ಕಿದ್ದು.
ಎಡಗಿವಿಯ ಮೇಲೆ ಯಾವುದೋ ಮಗುವಿನ ಹಲ್ಲಿನ ಗುರುತು.
ಒಂಬತ್ತು. ಅದರಲ್ಲಿ ಎರಡು ಆ ಹಲ್ಲಿಗೆ.

ಬೇಲೂರಿನ ಶಿಲ್ಪಿಗಳು ಪೀಠದ ಕೆಳಗೆ
ತಮ್ಮ ಹೆಸರು ಕೆತ್ತಿಟ್ಟು ಹೋದರು.
ಇವರ ಅಂಗಾಲಿನಲ್ಲಿ ಬರೀ ಒಂದು ದೇಶ, ಒಂದು ಇಸವಿ.
ಈ ಹುಬ್ಬು ತೀಡಿದವಳು ಯಾರು?
ದಿನಕ್ಕೆ ಎಷ್ಟು ಸಾವಿರ ಹುಬ್ಬು?
ಆ ಕಾಲಂ ನನ್ನ ಲೆಡ್ಜರಿನಲ್ಲಿ ಖಾಲಿ.

ಕಮಾಂಡರ್ ಟೆಲ್ವಾ ಮಾತ್ರ ಪೆಟ್ಟಿಗೆ ಬಿಟ್ಟು ಹೊರಬಂದವಳಲ್ಲ.
ಮೂವತ್ತೆರಡು ವರ್ಷದ ಸೀಲು.
ಪ್ಲಾಸ್ಟಿಕ್ ಕಿಟಕಿ ಹಳದಿಗಟ್ಟಿ
ಕಾಮಾಲೆ ಆದವಳ ಹಾಗೆ ಮುಖ ಒಂದೇ ಕಾಣುತ್ತದೆ.
ತೆರೆದರೆ ಬೆಲೆ ಹೋಯಿತು,
ತೆರೆಯದೆ ವಿಮರ್ಶೆ ಬರೆಯುವುದು ಹೇಗೆ?
ಮೈಸೂರಿನ ಪೊನ್ನಪ್ಪ ಫೋನಿನಲ್ಲಿ ಕೇಳಿದರು:
ಹದಿನೆಂಟು ಸಾವಿರ ಕೊಡ್ತೀನಿ,
ಒಳಗೆ ಎಲ್ಲಾ ಸರಿಯಿದೆ ತಾನೆ?

ಒಳಗೆ ನೋಡುವುದೇ ಕಸುಬಾದವಳಿಗೆ
ಇದು ಹೊಳೆಯಲು ಆರು ವರ್ಷ ಬೇಕಾಯಿತು.
ಶನಿವಾರ, ಡಾಕ್ಟರು ಊಟಕ್ಕೆ ಹೋದ ಮೇಲೆ
ಟೇಬಲ್ಲಿನ ಮೇಲೆ ಮಲಗಿಸಿದೆ.
ಕೂಸಿನ ಕಿರುಬೆರಳಿಗೆ ಕೊಡುವಷ್ಟೂ ಕೊಡಲಿಲ್ಲ.
ಉಸಿರು ಹಿಡೀರಿ ಅಂದೆ, ಅಭ್ಯಾಸಬಲ.
ಹಿಡಿದವಳು ನಾನೇ.

ಫಿಲ್ಮಿನಲ್ಲಿ ಟೆಲ್ವಾ ಇರಲಿಲ್ಲ.
ಕವಚ, ಮುಂಗುರುಳು, ತೀಡಿದ ಹುಬ್ಬು ಎಲ್ಲ ಮಂಜು.
ಮಂಜಿನೊಳಗೆ ಅಚ್ಚ ಬಿಳಿ ಚುಕ್ಕಿಗಳು:
ಭುಜಕ್ಕೆರಡು, ಬೆನ್ನಿಗೊಂದು,
ಸೊಂಟಕ್ಕೆರಡು, ಬಲ ಮಂಡಿಗೊಂದು.
ಏಳನೆಯದು?
ಪೆಟ್ಟಿಗೆಯ ಕೆಳಮೂಲೆಯಲ್ಲಿ, ಒಂಟಿಯಾಗಿ,
ಸ್ವಲ್ಪ ಓರೆಯಾಗಿ ಬಿದ್ದುಕೊಂಡಿತ್ತು
ಎಡ ಮಂಡಿಯ ಪಿನ್ನು.
ಇಷ್ಟು ವರ್ಷ ಅವಳು ನಿಂತದ್ದು
ಕಾಲಿನ ಬಲದಲ್ಲಲ್ಲ, ರಟ್ಟಿನ ಬಲದಲ್ಲಿ.

ಪೊನ್ನಪ್ಪನವರಿಗೆ ಸುಳ್ಳು ಹೇಳಲಿಲ್ಲ.
ಫಿಲ್ಮಿನ ಫೋಟೋ ಕಳಿಸಿದೆ.
ಒಂದು ಗಂಟೆ ಸುದ್ದಿಯಿಲ್ಲ. ಆಮೇಲೆ,
ಬೊಂಬೆ ಬೇಡ ಬಿಡಿ, ಆ ಫಿಲ್ಮ್ ಕೊಡ್ತೀರಾ?

ಕೊಡಲಿಲ್ಲ. ಅಡುಗೆಮನೆ ಕಿಟಕಿಗೆ ಅಂಟಿಸಿದ್ದೇನೆ.
ಬೆಳಿಗ್ಗೆ ಒಗ್ಗರಣೆಯ ಹೊತ್ತಿಗೆ ಬಿಸಿಲು ತಾಗಿ
ಆರು ಚುಕ್ಕಿ ಹೊತ್ತಿಕೊಳ್ಳುತ್ತವೆ,
ಮೂಲೆಯದು ಸ್ವಲ್ಪ ತಡವಾಗಿ.

ಪಕ್ಕದ ಮನೆ ತ್ಯಾಗರಾಜುಗೆ
ಸಾಲಗಾಮೆ ರಸ್ತೆಯ ಉಪಗ್ರಹ ಕೇಂದ್ರದಲ್ಲಿ ರಾತ್ರಿ ಪಾಳಿ.
ಮೇಲೆ ಯಾರೂ ಇರಲ್ಲ ಮೇಡಂ, ಬರೀ ಬ್ಯಾಟರಿ,
ಎಂದು ನನ್ನ ಬೀರು ನೋಡಿ ಒಮ್ಮೆ ನಕ್ಕಿದ್ದವನು.
ನಿನ್ನೆ ಏಣಿ ಕೇಳಲು ಬಂದ.
ಕಿಟಕಿಯ ಮುಂದೆ ನಿಂತ. ಬೆರಳು ಮಡಚಿ ಎಣಿಸಿದ.
ಕೆಳಗಿನದು ಕಕ್ಷೆ ಬಿಟ್ಟಿದೆ, ಅಂದ,
ಯಾರಿಗೋ ವರದಿ ಒಪ್ಪಿಸುವವನ ಹಾಗೆ.
ಆದರೂ ಸಿಗ್ನಲ್ ಬರ್ತಿರಬಹುದು,
ಕಿವಿಗೊಟ್ಟಿರಿ.

ನೂರ ಹದಿನೈದನೆಯ ಪುಟದಲ್ಲಿ ಅಷ್ಟನ್ನೇ ಬರೆದೆ.
ಅಂಕ ಇನ್ನೂ ಹಾಕಿಲ್ಲ.
ಅವನು ಮರೆತು ಹೋದ ಏಣಿ
ಬಾಗಿಲ ಹಿಂದೆಯೇ ಇದೆ.