ಗೋಡೆಗೆ ತೂತು

ಆರು ವರ್ಷಕ್ಕೆ ಮೂರನೆಯ ಸಲ
ಇರ್ಯಾ ಲೆಹ್ತಿನೆನ್‌ಳ ಸಲೂನಿನ ಹಿಂಗೂಡಿನಲ್ಲಿ
ಮಂಡಿಯೂರಿದ್ದೇನೆ.
ಥಂಡರ್ ಬೇ, ಜನವರಿ. ಹೊರಗೆ ಮೈನಸ್ ಮೂವತ್ತೊಂದು.
ಗ್ಯಾಸ್ ಹೀಟರಿನ ಬಾಗಿಲು ಕಳಚಿದರೆ
ಈರುಳ್ಳಿ ಸಿಪ್ಪೆಯ ಹಾಗೆ ಅಂಗೈಗೆ ಬಂತು
ಅದರ ಎದೆಗೂಡಿನ ತುಕ್ಕು.

"ಸರೋವರದ ಗಾಳಿ," ಅಂದಳು, ಕತ್ತರಿ ನಿಲ್ಲಿಸದೆ.
"ಇಲ್ಲಾ ಕಂಪನಿಯವರ ಮೋಸ. ಹತ್ತು ವರ್ಷ ಗ್ಯಾರಂಟಿ ಅಂದವರು
ಈಗ ಫೋನೇ ಎತ್ತೋದಿಲ್ಲ."
ಕುರ್ಚಿಯ ಮುದುಕಿ ಕನ್ನಡಿಯೊಳಗಿಂದಲೇ ಹೌದೆಂದಳು,
ತಲೆ ತುಂಬ ಸುರುಳಿ, ಸುರುಳಿ ತುಂಬ ಮದ್ದು.

ನಾನು ಮೂಗಿನ ಮಾತು ಕೇಳುತ್ತಿದ್ದೆ.
ಬ್ಲೀಚು. ಪರ್ಮಿನ ಘಾಟು. ಸ್ಪ್ರೇ ಡಬ್ಬದ ಸಿಹಿ ಮಂಜು.
ಟವೆಲ್ ಒಗೆಯುವ ಮೆಷಿನ್ನು
ಹೀಟರಿಗೆ ಭುಜ ತಾಗಿಸಿ ನಿಂತಿದೆ.
ಕಿಟಕಿಯ ಸಂದಿಗೆಲ್ಲ ಟೇಪು,
ಸೂಜಿಮೊನೆಯಷ್ಟೂ ಚಳಿ ನುಸುಳದ ಹಾಗೆ.

ಮತ್ತೆ ಈ ಬೆಂಕಿ ಉಸಿರಾಡುವುದು ಏನನ್ನು?
ಇದನ್ನೇ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕಲ್ಲ:
ಸುಟ್ಟ ಗ್ಯಾಸಿನ ಹಬೆ ತಣ್ಣಗಾದಲ್ಲಿ ಹನಿಗಟ್ಟಿ,
ಹನಿಯೊಳಗೆ ಬ್ಲೀಚಿನ ಕ್ಲೋರಿನ್ ಕರಗಿ, ಆಮ್ಲವಾಗಿ,
ಅಂಗಡಿ ಮುಚ್ಚಿದ ಮೇಲೆ
ಉಕ್ಕನ್ನು ನೆಕ್ಕುತ್ತ ಕೂರುತ್ತದೆ.

ಅಪ್ಪ ಕಾಗದದ ಗಿರಣಿಯಲ್ಲಿ, ಬ್ಲೀಚ್ ವಿಭಾಗ, ಇಪ್ಪತ್ತೆರಡು ವರ್ಷ.
ಅವನ ಸೈಕಲ್ಲಿನ ಬೆಲ್ಲು ಎರಡು ಚಳಿಗಾಲ ಬಾಳುತ್ತಿರಲಿಲ್ಲ.
ಬೆಲ್ಲಿನ ಬಗ್ಗೆ ಮನೆಯಲ್ಲಿ ನಗುತ್ತಿದ್ದೆವು.
ಅವನ ಕೆಮ್ಮಿನ ಬಗ್ಗೆ ಯಾರೂ ಮಾತೆತ್ತುತ್ತಿರಲಿಲ್ಲ.

"ಇರ್ಯಾ, ನಿನಗೆ ತಲೆನೋವು ಬರುತ್ತಾ?"
ಕತ್ತರಿ ನಿಂತಿತು.
"ಸೋಮವಾರ ಬಿಟ್ಟು ದಿನಾ."
ಸೋಮವಾರ ಅಂಗಡಿಗೆ ರಜೆ.

ಗೋಡೆಗೆ ಡ್ರಿಲ್ಲು ಇಟ್ಟಾಗ ಕೂಗಾಡಿದಳು:
"ಟೇಪು ಒತ್ತಿ ಒತ್ತಿ ನನ್ನ ಬೆರಳು ಸವೆದಿದೆ,
ನೀನು ತೂತು ಕೊರೀತೀಯಲ್ಲೋ ರೌನೊ!"
"ನಿನ್ನಜ್ಜ ಸೌನಾದ ಒಲೆ ಕೆಳಗೆ ಕಿಂಡಿ ಬಿಡ್ತಿರಲಿಲ್ವಾ?"
ಅದಕ್ಕವಳು ಉತ್ತರ ಕೊಡಲಿಲ್ಲ,
ಪೊರಕೆ ತಂದು ಇಟ್ಟಿಗೆಯ ಪುಡಿ ಗುಡಿಸಿದಳು.

ಹೊಸ ಹೀಟರಿಗೆ ಎರಡು ಕೊಳವೆ.
ಒಂದರಲ್ಲಿ ಬೀದಿಯ ಚಳಿ ನೇರ ಬೆಂಕಿಯ ಬಾಯಿಗೆ,
ಇನ್ನೊಂದರಲ್ಲಿ ಹೊಗೆ ಹೊರಕ್ಕೆ.
ಹಕ್ಕಿ ಹೋಗದಂತೆ ಬಲೆ.
ಬ್ಲೀಚಿನ ಕ್ಯಾನುಗಳು ಹಿತ್ತಲ ಶೆಡ್ಡಿಗೆ.
ಛಾವಣಿಯಲ್ಲೊಂದು ಫ್ಯಾನು, ಅದು ಅವಳಿಗೆ;
ಬಿಲ್ಲಿನಲ್ಲಿ ಬರೆಯಲಿಲ್ಲ.

ಮೊದಲ ಉರಿ ನೀಲಿಯಾಗಿ ಹತ್ತಿತು.
ಮುದುಕಿ ಮೂಗೆತ್ತಿ, "ಏನೋ ಕಮ್ಮಿಯಾಗಿದೆ," ಅಂದಳು,
ಏನೆಂದು ಅವಳಿಗೆ ಹೊಳೆಯಲಿಲ್ಲ.

ಅರ್ಧ ದುಡ್ಡು, ಉಳಿದರ್ಧಕ್ಕೆ ನನ್ನ ಕ್ಷೌರ.
ಕೊನೆಗೆ ಅಭ್ಯಾಸಬಲದಿಂದ
ಅವಳ ಕೈ ಸ್ಪ್ರೇ ಡಬ್ಬದ ಕಡೆ ಹೋಯಿತು.
ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕೂಡಿದವು.
ಡಬ್ಬ ಕೆಳಗಿಟ್ಟಳು.

ಬೀದಿಗೆ ಬಂದೆ. ಗಾಳಿಗೆ ಕೂದಲು
ಮುಳ್ಳುಹಂದಿಯಂತೆ ನಿಂತಿತು,
ಟೋಪಿ ಒಳಗೇ ಮರೆತಿದ್ದೆ.