ಅಕ್ಷರಕ್ಕೆ ಇಷ್ಟು

ಶಿವಮೊಗ್ಗದ ಹೊಳೆ ಬಸ್‌ಸ್ಟಾಪಿನ ಹಿಂದೆ,
ಪಂಕ್ಚರ್ ಅಂಗಡಿಗೆ ಒತ್ತಿಕೊಂಡು, ನನ್ನ ತಗಡಿನ ಚಪ್ಪರ.
ಉದ್ಘಾಟನೆಯ ಕಲ್ಲು, ಮನೆಯ ಹೆಸರು, ಗೋರಿಯ ಹೆಸರು,
ಯಾವ ಭಾಷೆಯಾದರೂ ಸರಿ, ಅಕ್ಷರಕ್ಕೆ ಮೂವತ್ತು.
ಒತ್ತಿಗೆ ಬೇರೆ ದುಡ್ಡಿಲ್ಲ,
ಅದು ಅಪ್ಪನ ಕಾಲದಿಂದ ಬಂದ ರಿಯಾಯಿತಿ.

ಸೆವೆರಿನ್ ಮಾಸ್ತರು ಬಂದದ್ದು ಒಂದು ಮಂಗಳವಾರ.
ಛತ್ರಿಯನ್ನು ಕಲ್ಲಿನ ರಾಶಿಗೆ ಒರಗಿಸಿ
ಚೀಟಿ ಕೊಟ್ಟರು: ತಂಗಿಯ ಹೆಸರು, ಎರಡು ಇಸವಿ,
ಕೆಳಗೆ ಇಂಗ್ಲಿಷಿನ ನಾಲ್ಕು ಅಕ್ಷರ.
ಎಸ್ಸು, ಟೀ, ಟೀ, ಎಲ್ಲು.

"ಲಾರಿ ಸರ್ವೀಸಾ ಸಾರ್?" ಅಂದೆ.
ನಕ್ಕರು. ಹುಡುಗನಾಗಿದ್ದಾಗ ಪಾದ್ರಿಯಾಗಲು ಹೋಗಿ
ಆರು ವರ್ಷ ಲ್ಯಾಟಿನ್ ಉರುಹೊಡೆದು
ಪಾದ್ರಿತನ ಅಲ್ಲೇ ಬಿಟ್ಟು, ಭಾಷೆ ಮಾತ್ರ ಇಟ್ಟುಕೊಂಡು ಬಂದವರಂತೆ.
"ಇಂಗ್ಲಿಷಲ್ಲ ಮಾರಾಯ, ರೋಮಿನವರದ್ದು.
ಎರಡು ಸಾವಿರ ವರ್ಷದ ಹಿಂದೆ ಅವರು ಗೋರಿಗಳನ್ನು
ಊರ ಹೊರಗೆ, ದಾರಿಯ ಪಕ್ಕಕ್ಕೇ ಕಟ್ಟುತ್ತಿದ್ದರು,
ಹೋಗೋರು ಬರೋರು ಓದಲಿ ಅಂತ.
ಸತ್ತವನೇ ಕಲ್ಲಿನೊಳಗಿಂದ ಕರೆಯುತ್ತಾನೆ:
ದಾರಿಹೋಕನೇ, ಒಂದು ಗಳಿಗೆ ನಿಲ್ಲು,
ನೀನು ಏನೋ, ನಾನೂ ಅದೇ ಆಗಿದ್ದೆ.
ಕೊನೆಗೆ ಈ ನಾಲ್ಕು ಅಕ್ಷರ."

"ಪೂರ್ತಿ ಯಾಕೆ ಬರೆಸಲಿಲ್ಲ?"
"ಅಲ್ಲೂ ನಿನ್ನಂಥವನು ಕೂತಿದ್ದಿರಬೇಕು,
ಅಕ್ಷರಕ್ಕೆ ಇಷ್ಟು ಅಂತ!"
ಇಬ್ಬರೂ ನಕ್ಕೆವು. ಪಂಕ್ಚರಿನ ಇಮಾಮ್‌ಸಾಬನೂ
ವಿಷಯ ತಿಳಿಯದೆ ನಕ್ಕ.

ಆಮೇಲೆ ಅರ್ಥ ಹೇಳಿದರು.
ಮಣ್ಣು ನಿನಗೆ ಹಗುರಾಗಿರಲಿ.

ಉಳಿಗೆ ಸಾಣೆ ಹಿಡಿಯುತ್ತಿದ್ದೆ, ಹೂಂಗುಟ್ಟಿದೆ.
ಒಳ್ಳೊಳ್ಳೆಯ ಮಾತು ಎಷ್ಟೋ ಕೆತ್ತಿದ್ದೇನೆ,
ಧೂಳು ಒರೆಸಿದ ಮೇಲೆ ಒಂದೂ ನೆನಪಿರುವುದಿಲ್ಲ.
ನಾಲ್ಕಕ್ಷರ, ನೂರಿಪ್ಪತ್ತು.

ಅವ್ವ ಹೋದದ್ದು ಅದೇ ಶ್ರಾವಣದಲ್ಲಿ.
ಸಣ್ಣೀರಮ್ಮ, ನಮ್ಮ ಭೋವಿ ಕಾಲೋನಿಗೆಲ್ಲ ಕುಳ್ಳಿ.
ಹದಿಮೂರಕ್ಕೆ ಗಾಜನೂರಿನ ಕಟ್ಟೆಗೆ ಮಣ್ಣಿನ ಪುಟ್ಟಿ ಹೊತ್ತವಳು,
ಆಮೇಲೆ ನಾಲೆ, ರಸ್ತೆ, ರೈಲಿನ ದಿಬ್ಬ,
ಯಾರದೋ ಬಾವಿ, ಯಾರದೋ ಮನೆಯ ಪಾಯ.
ಪುಟ್ಟಿಗೆ ಇಷ್ಟು ಅಂತ ಲೆಕ್ಕ.
ಸಿಂಬಿ ಕೂರುವ ಜಾಗದಲ್ಲಿ, ನಡುನೆತ್ತಿಯಲ್ಲಿ,
ರೂಪಾಯಿ ಅಗಲ ಕೂದಲಿರಲಿಲ್ಲ.
ಚಿಕ್ಕವನಿದ್ದಾಗ ಅಲ್ಲಿ ಬೆರಳಿಟ್ಟು ಕೇಳುತ್ತಿದ್ದೆ, ನೋವಾ?
"ನೋವು ಕತ್ತಿಗೆ ಕಣೋ, ತಲೆಗೇನು."

ಗುಂಡಿಯ ಸುತ್ತ ನಿಂತೆವು.
ನಮ್ಮ ಕಡೆಯ ಕೆಂಪು ಮಣ್ಣು, ನೀರು ಕುಡಿದರೆ ಸೀಸ.
ಗುದ್ದಲಿಗೆ ಅಂಟಿಕೊಂಡು ಬಿಡುತ್ತಿರಲಿಲ್ಲ.
ಮೊದಲ ಹಿಡಿ ಮಗಂದು ಅಂದರು.
ಹಿಡಿದೆ.
ಕೈ ಮುಂದಕ್ಕೆ ಹೋಗಲಿಲ್ಲ.
ತಲೆಯ ಮೇಲಿಂದ ಇಳಿಸಿ ಇನ್ನೂ ಹತ್ತು ವರ್ಷವಾಗಿರಲಿಲ್ಲ,
ಮತ್ತೆ ಅದನ್ನೇ ಹೊರಿಸುತ್ತಿದ್ದೆ.

ಹಿಂದೆ ಚಿಕ್ಕಪ್ಪ ಕೆಮ್ಮಿದ.
ಆಗ ಬಂತು ಆ ಮಾತು, ಮಾಸ್ತರ ದನಿಯಲ್ಲೇ,
ಮೊದಲು ಲ್ಯಾಟಿನ್‌ನಲ್ಲಿ. ನನ್ನ ಬಾಯಿಗೆ ಹತ್ತದ್ದು.
ತೆರ್ರಾ ಎಂಬುದೊಂದು ಸಿಕ್ಕಿತು, ಉಳಿದದ್ದು ತೊದಲು.
ಕನ್ನಡದಲ್ಲಿ ಹೇಳಿದೆ,
ಅವ್ವನಿಗಲ್ಲ, ಮುಷ್ಟಿಯೊಳಗಿನ ಮಣ್ಣಿಗೆ.

ಏನಂದೆ? ಅಂದಳು ಅಕ್ಕ.
ಇನ್ನೊಮ್ಮೆ ಹೇಳಿದೆ. ಅವಳೂ ಹೇಳಿ ಹಾಕಿದಳು.
ಅಲ್ಲಿಂದ ಅದು ಗುಂಡಿಯ ಸುತ್ತ ಹೋಯಿತು, ಹಿಡಿಯಿಂದ ಹಿಡಿಗೆ.
ಚಿಕ್ಕಪ್ಪನನ್ನು ಮುಟ್ಟುವಷ್ಟರಲ್ಲಿ
"ಭಾರ ಹಾಕಬ್ಯಾಡ ತಾಯಿ" ಆಗಿತ್ತು.

ಮೊನ್ನೆ ಕೊನೆಯ ಸಾಲಿನ ಮನೆಯ ಗೋವಿಂದಪ್ಪನ ಮಣ್ಣಿನಲ್ಲಿ
ಒಬ್ಬ ಹುಡುಗ, ನನಗೆ ಗುರುತಿಲ್ಲದವನು, ಅದನ್ನೇ ಹೇಳಿದ.
ಯಾರು ಕಲಿಸಿದರೋ ಅಂದೆ.
"ಕಲಿಸೋದೇನು, ನಮ್ಮ ಹಿರೀಕರ ಕಾಲದ್ದು."
ನಾನು ತಿದ್ದಲಿಲ್ಲ. ಮಾಸ್ತರಿಗೆ ಹೇಳಿದಾಗ
ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಅವ್ವನ ಕಲ್ಲು ಇನ್ನೂ ಚಪ್ಪರದಲ್ಲೇ ಇದೆ.
ಹೆಸರಾಗಿದೆ, ಇಸವಿಯಾಗಿದೆ, ಮೆರುಗೂ ಕೊಟ್ಟಾಗಿದೆ.
ಎರಡಾಳು ಎತ್ತುವ ಕಲ್ಲು.
ಟೆಂಪೋದವನು ಮೂರು ಸಲ ಬಂದು ಹೋದ.