ಬೆರಳು ತೆಗೀಬ್ಯಾಡ

ಧನುರ್ವಾಯು ಕೋಣಿಗೆ ಕಿಟಕಿ ಇಲ್ಲ ಅಂತಲ್ಲ,
ಕರಿ ಕಂಬಳಿ ಹೊಡದು ಮುಚ್ಚೀವಿ.
ಬಾಗಲಿಗೆ ಬರದೀವಿ: ಸಪ್ಪಳ ಮಾಡಬ್ಯಾಡ್ರಿ.
ಚಮಚ ಬಿದ್ರೂ ಮಾಪಣ್ಣ ಬಿಲ್ಲಿನಂಗ ಬಾಗ್ತಿದ್ದ,
ಶಹಾಬಾದ ಫರಸಿ ಖಣಿಯಾಗ
ಸುತ್ತಿಗಿ ಸಪ್ಪಳದಾಗೇ ಮೂವತ್ತು ವರ್ಷ ತೆಗದವ.
ಕಾಲಿಗೆ ಚಿಪ್ಪ ಹೊಕ್ಕದ್ದು ಮರತು
ಟಂಟಂದಾಗ ಮಲಗಿಸಿ ಕಲಬುರಗಿಗೆ ತಂದಾಗ
ಹಲ್ಲಿಗೆ ಹಲ್ಲು ಕಚ್ಚಿತ್ತು.

ಕುತ್ತಿಗಿಗೆ ತೂತು ಹಾಕಿ ಹದಿಮೂರು ದಿನ.
ಸಂಜಿಮುಂದ ಸಕ್ಷನ್ ನಳಿಗ್ಯಾಗ
ದಾರದ ಎಳಿಯಷ್ಟು ಕೆಂಪು.
'ನಳಿಗಿ ಕೆರದಿರಬೇಕು' ಅಂದ್ರು ಯಾರೋ.
ಚಾರ್ಟಿನ್ಯಾಗ ಬರದೆ. ಕೆಳಗ ಗೆರಿ ಎಳದೆ.
ನಳಿಗಿ ನಾಡಿ ಬಡದಂಗ ಕುಣೀಲತ್ತದ,
ಅದನ್ನೂ ಬರದೆ.

ಮೂರು ಹತ್ತಕ್ಕ
ಕತ್ತಲದಾಗ ನನ್ನ ಎದಿಗೆ ಬಿಸಿ ಹೊಡೀತು.
ಟಾರ್ಚ್ ಹಾಕಿದೆ.
ಹೆಂಗಿತ್ತು ಅಂತ ಹೇಳಂಗಿಲ್ಲ ನಾ.

ನುಜಹತ್ ಮೇಡಂ ಬರಿಗಾಲಲೆ ಓಡಿ ಬಂದ್ರು.
ನಳಿಗಿಯ ಬಲೂನಿಗೆ ಗಾಳಿ ತುಂಬಿದ್ವಿ,
ಹತ್ತು, ಇಪ್ಪತ್ತು, ನಲವತ್ತು ಸಿಸಿ.
ಕೇಳಲಿಲ್ಲ ರಕ್ತ.
ಬಾಯಿಂದ ಇನ್ನೊಂದು ನಳಿಗಿ ಇಳಿಸಿ, ಕುತ್ತಿಗಿದು ಕಿತ್ತು,
'ಬೆರಳು ಹಾಕು. ಇನ್ನೂ ಕೆಳಗ. ಎದಿ ಎಲಬಿನ ಹಿಂದ.
ಮುಂದಕ್ಕ ಒತ್ತು, ಎಲಬಿಗೆ.
ನಾ ಹೇಳೋತನ ತೆಗೀಬ್ಯಾಡ.'

ಒತ್ತಿದೆ.
ನಿಂತಿತು.
ಎಲಬಿಗೂ ನನ್ನ ಬೆರಳಿಗೂ ನಡಕ
ಹೊಟ್ಟ್ಯಾಗಿನ ಕೂಸು ಒದ್ದಂಗ ಒದೀಲತ್ತಿತ್ತು.

ಮಂಚದ ಮ್ಯಾಲೆ ಮೊಣಕಾಲೂರಿ ನಾ,
ದಬ್ಬೋರು ನಾಲ್ಕು ಮಂದಿ,
ಒಂದು ಗಾಲಿ ಯಾವಾಗಲೂ ಎಡಕ್ಕೇ ಎಳೀತದ.
ಲಿಫ್ಟಿನ್ಯಾಗ ಸಾಬಮ್ಮ ನುಗ್ಗಿ ಬಂದಳು,
ಗಂಡನ ಮಾರಿ ನೋಡಲಿಲ್ಲ, ನನ್ನ ಕೈನೇ ನೋಡಿದಳು.
'ಕೈ ಸೋತರ ಹೇಳವ್ವ,
ನಾ ಹಿಡೀತೀನಿ.'

ಹಸಿರು ಅರಿಬಿ ನನ್ನ ಮ್ಯಾಲೂ ಹೊಚ್ಚಿದ್ರು.
ಅದರ ಕೆಳಗ ಕತ್ತಲ, ಬೆವರು, ಗರಗಸ.
ಎಲಬು ಸೀಳಾಗ ಬೆರಳಿಗೆ ನಡುಕ ಬಂತು.
ಸಪ್ಪಳ ಮಾಡಬ್ಯಾಡ್ರಿ ಅನ್ನಬೇಕನಿಸ್ತು.
ಎಷ್ಟೋ ಹೊತ್ತಿಗೆ, 'ಕಟ್ಟೀವಿ, ಬಿಡು' ಅಂದ್ರು.
ಬಿಡಲಿಕ್ಕೆ ಬರಲಿಲ್ಲ.
ಮೇಡಂ ನನ್ನ ಮುಂಗೈ ಹಿಡದು
ಮೆಲ್ಲಕ ಹೊರಗ ತೆಗದ್ರು, ಅವರೇ.

ಇದರಾಗ ಉಳಿಯೋರು ಕಡಿಮಿ ಅಂತ
ಚಹಾ ಕುಡೀತ ಆಮ್ಯಾಲ ಹೇಳಿದ್ರು. ಮೊದಲೇ ಹೇಳಲಿಲ್ಲ.

ತಿಂಗಳಿಗೆ ಕಿಟಕಿಯ ಕಂಬಳಿ ತೆಗದ್ವಿ.
ಬಿಸಲಿಗೆ ಕಣ್ಣು ಕಿರಿದು ಮಾಡಿ
ಮಾಪಣ್ಣ ನನ್ನ ಕೈ ತಗೊಂಡ,
ಆ ಬೆರಳೇ ಹುಡುಕಿದ, ಯಾರು ಹೇಳಿದ್ರೋ,
ಗೆಣ್ಣಿನ ಮ್ಯಾಲೆ ಉಗುರಲೆ ಎರಡು ಸಲ ಬಡದು
ಕಿವಿ ಹತ್ರ ತಂದ.

'ಫರಸಿ ಹಿಂಗೇ ನೋಡ್ತಾನ,' ಅಂದಳು ಸಾಬಮ್ಮ,
'ಒಳಗ ಬಿರುಕು ಅದನೋ ಇಲ್ಲೋ ಅಂತ.'

ಏನು ಕೇಳಿತೋ.
ಹೇಳಲಾಕ ಅವನಿಗಿನ್ನೂ ದನಿ ಬಂದಿರಲಿಲ್ಲ.